ಅರಿಶಿನದ ಸುದ್ದಿಯಲ್ಲಿ ಪ್ರಮಾಣವೂ ಇರಲಿ

ಮಾನ್ಯ ಸಂಪಾದಕರೆ,

ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಮಿದುಳಿನ ಗಡ್ಡೆಯ ಜೀವಕೋಶಗಳನ್ನು ಕೊಲ್ಲುತ್ತದೆ ಎಂಬ ಸುದ್ದಿ ಆಗಾಗ ಪ್ರಕಟವಾಗುತ್ತದೆ. ಈ ಪ್ರಯೋಗಗಳು ಸುಳ್ಳಲ್ಲ. ಆದರೆ ಅವು ಬಹುಮಟ್ಟಿಗೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ನಡೆದವು ಎಂಬ ಮಾತು ವರದಿಯ ಕಡೆಯ ಸಾಲಿಗೆ ಸರಿದುಬಿಡುತ್ತದೆ.

ಕರ್ಕ್ಯುಮಿನ್ ಕೋಶವನ್ನು ಕೊಲ್ಲುವ ಒಂದು ಬಗೆ ಹೀಗಿದೆ. ಜೀವಕೋಶದೊಳಗಿನ ದ್ರವದಲ್ಲಿ ಮುಕ್ತ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ ಇರುತ್ತದೆ. ಈ ಅಂತರ ಉಳಿಯಲು ನೆರವಾಗುವ ಪಂಪುಗಳಲ್ಲಿ ಒಂದಾದ ಸರ್ಕಾ ಎಂಬ ಪ್ರೋಟೀನು, ಶಕ್ತಿ ವ್ಯಯಿಸಿ ಕ್ಯಾಲ್ಸಿಯಂ ಅನ್ನು ಕೋಶದೊಳಗಿನ ಪೊರೆಗಳ ಜಾಲದಲ್ಲಿ, ಅಂದರೆ ಒಳಜಾಲದಲ್ಲಿ, ಕೂಡಿಡುತ್ತದೆ. ಕರ್ಕ್ಯುಮಿನ್ ಈ ಪಂಪನ್ನು ತಡೆಯಬಲ್ಲದೆಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಪಂಪು ನಿಂತರೆ ಸಂಗ್ರಹ ಬರಿದಾಗಿ, ದ್ರವದಲ್ಲಿ ಕ್ಯಾಲ್ಸಿಯಂ ಏರಿ, ಒಳಜಾಲದಲ್ಲಿ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳದೆ ಕೋಶ ಕೊನೆಗೆ ಸಾಯುತ್ತದೆ.

ತೊಡಕೆಂದರೆ ಈ ಪಂಪು ಆರೋಗ್ಯವಂತ ಕೋಶಗಳಿಗೂ ಬೇಕು. ಮೆಡಿಟರೇನಿಯನ್ ತೀರದ ಥಾಪ್ಸಿಯಾ ಗಿಡದಿಂದ ದೊರೆಯುವ ಥಾಪ್ಸಿಗಾರ್ಜಿನ್ ಇದೇ ಪಂಪನ್ನು ಅತಿ ಕಡಿಮೆ ಪ್ರಮಾಣದಲ್ಲೇ ಬಲವಾಗಿ ತಡೆಯುತ್ತದೆ. ಅದು ಎಲ್ಲ ಕೋಶಗಳಿಗೂ ವಿಷವಾಗುವುದರಿಂದಲೇ, ಗಡ್ಡೆಯ ರಕ್ತನಾಳಗಳಲ್ಲಿ ಹೆಚ್ಚಾಗಿರುವ ಕಿಣ್ವವೊಂದು ಕತ್ತರಿಸಿದಾಗ ಮಾತ್ರ ಬಿಡುಗಡೆಯಾಗುವಂತೆ ಅದಕ್ಕೆ ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನು ತುಣುಕನ್ನು ಕಟ್ಟಿ ಮಿಪ್ಸಗಾರ್ಜಿನ್ ಎಂಬ ಔಷಧ ರೂಪಿಸಿದರು. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಉಗ್ರ ಕ್ಯಾನ್ಸರ್ ಗಡ್ಡೆಯ ರೋಗಿಗಳಲ್ಲೂ ಅದರ ಪ್ರಯೋಗ ನಡೆಯಿತು. ಇಷ್ಟು ಜಾಣ್ಮೆ ಹೂಡಿದ ಮೇಲೂ ಅದಿನ್ನೂ ಅನುಮೋದಿತ ಔಷಧವಾಗಿಲ್ಲ.

ಕರ್ಕ್ಯುಮಿನ್ ಹಾದಿ ಇನ್ನೂ ಕಠಿಣ. ತಟ್ಟೆಯ ಪ್ರಯೋಗಗಳಲ್ಲಿ ಬಳಸುವ ಸಾಂದ್ರತೆ ಅದನ್ನು ಸೇವಿಸಿದವರ ರಕ್ತದಲ್ಲಿ ಕಾಣಸಿಗದು. ಕರುಳು ಹೀರುವುದು ಅತ್ಯಲ್ಪ, ಹೀರಿದ್ದನ್ನೂ ದೇಹ ಬೇಗ ಬದಲಿಸಿ ಹೊರಹಾಕುತ್ತದೆ. ಹೀರಿಕೆ ಹೆಚ್ಚಲೆಂದು ಮಾತ್ರೆಗಳಿಗೆ ಕಾಳುಮೆಣಸಿನ ಪೈಪರಿನ್ ಬೆರೆಸುವುದುಂಟು. ಪೈಪರಿನ್ ಬೇರೆ ಔಷಧಗಳ ಮಟ್ಟವನ್ನೂ ಏರಿಸಬಹುದು. ಮಿದುಳಿನ ಗಡ್ಡೆಯ ರೋಗಿಗಳಿಗೆ ಫಿಟ್ಸ್ ತಡೆಯಲು ಕೊಡುವ ಫೆನಿಟೋಯಿನ್ ಅಂಥದ್ದೊಂದು. ಅರಿಶಿನದ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ದಾಖಲಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ನನ್ನ ತಕರಾರಿಲ್ಲ.

ಗ್ಲಿಯೋಬ್ಲಾಸ್ಟೋಮಾಕ್ಕೆ ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧ ಸೇರಿದ ಚಿಕಿತ್ಸೆ 2005ರಲ್ಲಿ ರೂಢಿಗೆ ಬಂದಾಗ ಅರ್ಧದಷ್ಟು ರೋಗಿಗಳು ಬದುಕುಳಿಯುವ ಅವಧಿ 12 ತಿಂಗಳಿನಿಂದ ಹದಿನೈದರ ಹತ್ತಿರಕ್ಕೆ ಏರಿತ್ತು, ಅಷ್ಟೇ. ಇಂಥ ಕಾಯಿಲೆಯ ಮನೆಯವರು ಪತ್ರಿಕೆಯ ಒಂದು ಸಾಲನ್ನೂ ನಂಬಿ ಅಂಗಡಿಗೆ ಹೋಗುತ್ತಾರೆ. ಆದ್ದರಿಂದ ಪ್ರಯೋಗ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯಬೇಕೆಂದೂ, ನಿಮ್ಹಾನ್ಸ್‌ನಂತಹ ಸಂಸ್ಥೆಯ ತಜ್ಞರೊಬ್ಬರ ಅಭಿಪ್ರಾಯವನ್ನು ಜೊತೆಗೆ ಪ್ರಕಟಿಸಬೇಕೆಂದೂ ಕೋರುತ್ತೇನೆ.

– ಜೀವರಸಾಯನಶಾಸ್ತ್ರದ ಅಧ್ಯಾಪಕಿ, ಮೈಸೂರು