ಕೆರೆಗೆ 'ಟ್ಯಾಂಕ್' ಅಂತಾನೂ ಹುಡುಕ್ಬೇಕು ಅಂತ ಮಕ್ಕಳಿಗೆ ಯಾರು ಹೇಳ್ಕೊಡ್ತಾರೆ?

ಸಂಪಾದಕರಿಗೆ ನಮಸ್ಕಾರ,

ನಾನು ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡ್ತೀನಿ. ಪ್ರಾಜೆಕ್ಟ್ ಟೈಮ್ ಬಂತು ಅಂದ್ರೆ "ಮೇಡಂ, ಏನೂ ಸಿಗ್ತಿಲ್ಲ" ಅಂತ ಮಕ್ಕಳು ಬರ್ತಾರೆ, ಹೋಗಿ ನೋಡಿದ್ರೆ ಲೆಕ್ಚರರ್ ಕೊಟ್ಟ ಇಡೀ ಟೈಟಲ್ಲೇ ಸರ್ಚ್ ಬಾಕ್ಸಲ್ಲಿ ಕೂತಿರುತ್ತೆ.

ಮೊನ್ನೆ ಒಬ್ಳು ಹುಡುಗಿ, ಕೋಲಾರದ ಕಡೆಯೋಳು, ದಿನಾ ಟ್ರೈನಲ್ಲಿ ಓಡಾಡ್ತಾಳೆ, ಬೆಂಗಳೂರಿನ ಕೆರೆಗಳು ಯಾಕೆ ಹಾಳಾದ್ವು ಅಂತ ಇಂಗ್ಲಿಷಲ್ಲಿ ಉದ್ದಕ್ಕೆ ಟೈಪ್ ಮಾಡಿ, ಸಂಶೋಧನಾ ಲೇಖನ ಹುಡುಕೋ ಗೂಗಲ್ ಸ್ಕಾಲರಲ್ಲಿ ಹುಡುಕ್ತಿದ್ಲು. ಊರಿನ ಹೆಸರು ಹೊಸ ಸ್ಪೆಲ್ಲಿಂಗಲ್ಲಿತ್ತು. ಇಂಗ್ಲಿಷಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಆಗಿದ್ದು 2014ರ ನವೆಂಬರ್ 1ಕ್ಕೆ, ಅದಕ್ಕೆ ಮುಂಚಿನ ಸಂಶೋಧನಾ ಪೇಪರ್‌ಗಳಲ್ಲಿ ಹೆಚ್ಚಾಗಿ ಹಳೇ ಹೆಸರೇ ಇರೋದು. ಕೆರೆಗೂ ಅಷ್ಟೇ, ಹಿಂದಿನೋರು 'ಟ್ಯಾಂಕ್' ಅಂತ ಬರೀತಿದ್ರು, ಸ್ಯಾಂಕಿ ಟ್ಯಾಂಕ್ ಅಂತ ನಾವು ಇವತ್ತಿಗೂ ಅಂತೀವಲ್ಲ ಹಾಗೆ. ಒಂದು ಚೀಟಿ ತಗೊಂಡು ಕೆರೆ, ನೊರೆ, ಕಳೆ ಅಂತ ಮೂರೇ ಪದ ಬರೆಸ್ದೆ, ಪ್ರತಿಯೊಂದರ ಪಕ್ಕ ಅದಕ್ಕೆ ಪೇಪರ್‌ಗಳಲ್ಲಿ ಬರೋ ಪದ: ಕೆರೆಗೆ ಲೇಕ್, ಟ್ಯಾಂಕ್, ವೆಟ್‌ಲ್ಯಾಂಡ್, ನೊರೆಗೆ ಸರ್ಫ್ಯಾಕ್ಟೆಂಟ್ (ನೊರೆ ಬರಿಸೋ ಸೋಪಿನಂಥ ರಾಸಾಯನಿಕ), ಕಳೆಗೆ ಯೂಟ್ರೊಫಿಕೇಶನ್ (ನೀರಲ್ಲಿ ಪೋಷಕಾಂಶ ಜಾಸ್ತಿಯಾಗಿ ಕಳೆ ಬೆಳೆಯೋದು). ಬದಲಿ ಪದಗಳ ಮಧ್ಯೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ 'OR' (ಅಥವಾ) ಹಾಕಿ, ಜೊತೇಲೇ ಇರಬೇಕಾದ ಪದಗಳಿಗೆ ಡಬಲ್ ಕೋಟ್ಸ್ ಹಾಕಿ ಅಂದೆ. ಬೆಳ್ಳಂದೂರು ಕೆರೆ ಬಗ್ಗೆ ಪೇಪರ್ ಒಂದು ಸಿಕ್ತು, ಅಬ್‌ಸ್ಟ್ರ್ಯಾಕ್ಟ್ (ಸಾರಾಂಶ) ಕೆಳಗೆ ಕೀವರ್ಡ್ಸ್ ಅಂತ ಒಂದು ಸಾಲು ಇತ್ತು, ಅದನ್ನೇ ಚೀಟಿಗೆ ಇಳಿಸ್ಕೊಂಡ್ಲು, ಆಮೇಲೆ ಒಂದರಿಂದ ಇನ್ನೊಂದು ಸಿಗ್ತಾ ಹೋಯ್ತು. ಅವಳ ಮುಖ ನೋಡ್ಬೇಕಿತ್ತು ನೀವು.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಹಳ್ಳಿಯಿಂದ ಬಂದ ಮಕ್ಕಳಿಗೆ ವಿಷಯ ಚೆನ್ನಾಗೇ ಗೊತ್ತಿರುತ್ತೆ, ರಾಗಿ ಬಗ್ಗೆ ನಮಗೇ ಪಾಠ ಹೇಳ್ತಾರೆ, ಆದ್ರೆ ಪೇಪರ್‌ಗಳಲ್ಲಿ ಅದು 'ಫಿಂಗರ್ ಮಿಲೆಟ್' ಅಂತಾನೋ, ವೈಜ್ಞಾನಿಕ ಹೆಸರಲ್ಲಿ 'ಎಲ್ಯುಸಿನ್ ಕೊರಕಾನ' ಅಂತಾನೋ ಇರುತ್ತೆ ಅಂತ ಯಾರೂ ಹೇಳಿರಲ್ಲ. ನಮ್ಮ ರಾಜ್ಯದ ಹೆಸರೇ 1973ರವರೆಗೆ ಮೈಸೂರು, ಅದಕ್ಕೆ ಹಿಂದಿನದು ಬೇಕು ಅಂದ್ರೆ 'ಕರ್ನಾಟಕ' ಅಂತ ಮಾತ್ರ ಹುಡುಕಿದ್ರೆ ಎಷ್ಟೋ ತಪ್ಪಿಹೋಗುತ್ತೆ. ನಮ್ಮ ದೇಶದ ಪಿಎಚ್‌ಡಿ ಥೀಸಿಸ್‌ಗಳು ಶೋಧಗಂಗಾ ಅನ್ನೋ ವೆಬ್‌ಸೈಟಲ್ಲಿ ಪುಕ್ಕಟೆ ಓದೋಕೆ ಸಿಗುತ್ತೆ ಅನ್ನೋದೂ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಏನೂ ಸಿಗಲಿಲ್ಲ ಅಂದ್ರೆ ನಾನೇ ದಡ್ಡ ಅಂತ ತಿಳ್ಕೊಂಡು ಕೊನೆಗೆ ಯಾರದ್ದೋ ಹಳೇ ಪ್ರಾಜೆಕ್ಟ್ ಜೆರಾಕ್ಸ್ ಮಾಡಿಸ್ತಾರೆ.

ಕಾಲೇಜುಗಳೋರಿಗೆ ನನ್ನ ಕೋರಿಕೆ ಇಷ್ಟೇ. ಪ್ರಾಜೆಕ್ಟ್ ಟಾಪಿಕ್ ಕೊಡೋ ವಾರದಲ್ಲೇ ಕ್ಲಾಸಿನ ಮಕ್ಕಳನ್ನ ಒಂದು ಪೀರಿಯಡ್ ಲೈಬ್ರರಿಗೆ ಕಳಿಸಿ, ಕೈಯಲ್ಲಿ ಒಂದು ಖಾಲಿ ಹಾಳೆ ಇರಲಿ. ಮಿಕ್ಕಿದ್ದು ನಮ್ಮಂಥೋರು ನೋಡ್ಕೋತೀವಿ.

– ಒಬ್ಬ ಲೈಬ್ರರಿ ಸಿಬ್ಬಂದಿ, ಬೆಂಗಳೂರು