ನಿನ್ನ ದೇವರ ಬಗ್ಗೆ ಬರೆಯುವಾಗ

ಪ್ರೀತಿಯ ತಮ್ಮನಿಗೆ,

ಲೇಖನ ಓದಿದೆ. ನಿನ್ನ ದೇವರಿಗೆ ಸಾಟಿಯೇ ಇಲ್ಲ ಅಂತ ಪುಟಪುಟದಲ್ಲೂ ಹೇಳಿದ್ದೀಯ. ನಂಬಿಕೆ ನಿನ್ನದು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಬರವಣಿಗೆ ಮೇಲೆ. ಸರ್ವಶಕ್ತ, ಕರುಣಾಮಯಿ, ಅದ್ವಿತೀಯ ಅಂತ ಯಾವ ಭಕ್ತ ತನ್ನ ದೇವರನ್ನು ಹೊಗಳುವುದಿಲ್ಲ ಹೇಳು? ನಿನ್ನ ದೇವರ ಹೆಸರು ತೆಗೆದು ಪಕ್ಕದ ಬೀದಿಯ ದೇವರ ಹೆಸರು ಹಾಕಿ ಓದು. ಒಂದು ಸಾಲೂ ಅಲುಗುವುದಿಲ್ಲ. ಅಲ್ಲಿಗೆ ನಿನ್ನ ವಾದವೇ ಬಿದ್ದುಹೋಯಿತು, ಅಲ್ವಾ?

ಬಸವಣ್ಣನವರ ಒಂದು ವಚನ ತೆಗೆದು ನೋಡು. ಅರಗು ತಿಂದು ಕರಗುವ ದೈವ, ಉರಿ ಕಂಡರೆ ಮುರುಟುವ ದೈವ, ಅವಸರ ಬಂದರೆ ಮಾರುವ ದೈವ, ಅಂಜಿಕೆಯಾದರೆ ಹೂಳುವ ದೈವ. ಇಂಥದ್ದನ್ನು ಹೇಗೆ ಸರಿ ಅನ್ನಲಿ ಅಂತ ಕೇಳುತ್ತಾರೆ. ಹೊಗಳಿಕೆ ಇಲ್ಲವೇ ಇಲ್ಲ. ಕಷ್ಟ ಬಂದಾಗ ಮೂರ್ತಿಯನ್ನು ಮಾರಿದವರು, ಕಳ್ಳರ ಭಯಕ್ಕೆ ಹೂತಿಟ್ಟವರು ಊರಲ್ಲೇ ಇದ್ದಿರಬೇಕು. ಕೇಳಿದವರು ತಮ್ಮ ಮನೆಯನ್ನೇ ನೆನೆಸಿಕೊಂಡಿರುತ್ತಾರೆ. ಹೀಗೆ ಒಂದೊಂದನ್ನೇ ತಳ್ಳಿಹಾಕಿದ ಮೇಲೆ ಕೂಡಲಸಂಗಮದೇವನೊಬ್ಬನೇ ದೇವ ಅನ್ನುತ್ತಾರೆ. ಅಷ್ಟು ಹೊತ್ತಿಗೆ ಆ ಮಾತಿಗೆ ಬಲ ಬಂದಿರುತ್ತದೆ.

ಉಡುಪಿಯ ಮಧ್ವಾಚಾರ್ಯರ ದಾರಿಯೇ ಬೇರೆ. ಉಳಿದ ದೇವತೆಗಳು ಸುಳ್ಳು ಅಂತ ಅವರು ಹೇಳಲಿಲ್ಲ. ಇದ್ದಾರೆ, ಆದರೆ ಹರಿಯೊಬ್ಬನೇ ಸ್ವತಂತ್ರ, ಮಿಕ್ಕವರೆಲ್ಲ ಅವನ ಅಧೀನ ಅಂದರು. ಅಕ್ಕಮಹಾದೇವಿಗೆ ಬೇರೆ ದೇವರುಗಳ ಗೊಡವೆಯೇ ಬೇಡ. ಸಾವಿಲ್ಲದ, ಕೇಡಿಲ್ಲದ ಚೆಲುವನಿಗೆ ಒಲಿದೆ ಅನ್ನುತ್ತಾಳೆ. ಅವಳು ಹೋಲಿಸುವುದು ಗಂಡಂದಿರ ಜೊತೆ, ಸಾಯುವ, ಕೆಡುವ ಗಂಡಂದಿರ ಜೊತೆ. ಅವರನ್ನು ಒಯ್ದು ಒಲೆಯೊಳಗೆ ಇಕ್ಕು ತಾಯೆ ಅಂದುಬಿಡುತ್ತಾಳೆ! ನನಗೆ ಮೂವರಲ್ಲಿ ಇವಳೇ ಜಾಸ್ತಿ ಇಷ್ಟ. ನೀನು ಒಪ್ಪಲೇಬೇಕಿಲ್ಲ. ಆದರೆ ನಿನ್ನ ದೇವರನ್ನು ಯಾವುದರ ಪಕ್ಕ ನಿಲ್ಲಿಸುತ್ತೀಯ ಅನ್ನೋದನ್ನು ಮೊದಲು ತೀರ್ಮಾನ ಮಾಡು.

ಇನ್ನು ಆ ನಾಲ್ಕನೇ ಪ್ಯಾರಾ. ಬೇರೆ ಧರ್ಮದವರನ್ನು ಸುಮ್ನೆ ಮೂಢರು ಅಂದಿದ್ದೀಯ. ಈ ಚಾಳಿ ನಮ್ಮ ನಾಡಿಗೆ ಹೊಸದಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ಕಥೆ ಇದೆ. ಶಿವನೇ ದೊಡ್ಡವನು ಅಂತ ಜೈನರ ಜೊತೆ ಪಂಥ ಕಟ್ಟಿ ತಲೆ ಕಡಿದುಕೊಳ್ಳುತ್ತಾನೆ, ತಲೆ ಮತ್ತೆ ಕೂಡುತ್ತದೆ, ಆಮೇಲೆ ಜಿನಮೂರ್ತಿಯನ್ನು ಒಡೆಯುತ್ತಾನೆ. ಶ್ರವಣಬೆಳಗೊಳದ 1368ರ ಶಾಸನವನ್ನೂ ಓದು. ಜೈನರಿಗೂ ವೈಷ್ಣವರಿಗೂ ಜಗಳ ಬಂದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ನನ್ನ ಕೇಳಿದರೆ, ಭೇದ ಇದ್ದೇ ಇದೆ. ಅದನ್ನು ಮುಚ್ಚಿಡು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಇನ್ನೊಬ್ಬ ಭಕ್ತ ಓದಿದಾಗ 'ಹೌದು, ನಾನು ನಂಬುವುದು ಇದನ್ನೇ' ಅನ್ನುವ ಹಾಗೆ ಅವನ ನಂಬಿಕೆಯನ್ನು ಬರಿ. ಒಪ್ಪದಿರುವುದು ಆಮೇಲಿನ ಮಾತು.

ಆ ಪ್ಯಾರಾ ತೆಗೆದು, ಅವರಲ್ಲೊಬ್ಬರ ಜೊತೆ ಕೂತು ಮಾತಾಡಿ, ತಿದ್ದಿದ್ದನ್ನು ಕಳಿಸು. ಅವಸರವೇನಿಲ್ಲ.

ನಿನ್ನ ಅಣ್ಣ