ಡಿಸ್ಕಿಗೊಂದು ಅಂಗಿ, ಅಂಗಿ ಸಮೇತ ನುಂಗುವ ಪ್ಲೇಯರ್

ಮಾನ್ಯ ಸಂಪಾದಕರೇ,

ಡಿಸ್ಕುಗಳ ಕಾಲ ಮುಗೀತು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಆದರೆ ನನ್ನ ಮೇಜಿನ ಮೇಲೆ ಅದಿನ್ನೂ ಮುಗಿದಿಲ್ಲ. ಗ್ರಂಥಾಲಯವೊಂದರ ಕೇಳುಪುಸ್ತಕ ವಿಭಾಗಕ್ಕೆ ನಾನು ಸೇರಿ 19 ವರ್ಷ ಆಯಿತು. ಕಣ್ಣು ಕಾಣದವರಿಗೆ ಪುಸ್ತಕಗಳನ್ನು ಸಿಡಿಯಲ್ಲಿ ಕೊಡುತ್ತೇವೆ. ಡೈಸಿ ಎಂಬ ಮಾದರಿಯಲ್ಲಿ ತುಂಬಿಸಿದರೆ ಒಂದೇ ಸಿಡಿಯಲ್ಲಿ ಇಡೀ ಕಾದಂಬರಿ ಹಿಡಿಸುತ್ತದೆ. ಕೇಳುವವರು ಬೇಕಾದ ಅಧ್ಯಾಯಕ್ಕೆ ನೇರ ಹೋಗಬಹುದು. ಸಿಡಿ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಮೆತ್ತನೆ ಬಟ್ಟೆಯಲ್ಲಿ ಒರೆಸುವುದು, ಓಡದಿದ್ದನ್ನು ಪಕ್ಕಕ್ಕಿಡುವುದು, ಇದು ನನ್ನ ಕೆಲಸ. ಆ ಪಕ್ಕಕ್ಕಿಟ್ಟ ರಾಶಿಯೇ ಈ ಪತ್ರ ಬರೆಸಿದ್ದು. ಪ್ರತಿ ಡಿಸ್ಕಿಗೂ ಒಂದು ಕವಚ ಇರಲಿ, ಕವಚದ ಸಮೇತ ಡಿಸ್ಕನ್ನು ತೆಗೆದುಕೊಳ್ಳುವ ಪ್ಲೇಯರ್ ಬರಲಿ ಅನ್ನುವುದು ನನ್ನ ಕೋರಿಕೆ.

ಎರಡು ವರ್ಷದ ಹಿಂದೆ ನಮ್ಮ ಓದುಗರೊಬ್ಬರು ಬಂದರು. ನಿವೃತ್ತ ಗಣಿತದ ಮೇಷ್ಟ್ರು. ಸಿಡಿಯನ್ನು ಮೇಜಿನ ಮೇಲಿಟ್ಟು, "ಮೇಡಂ, ಏಳನೇ ಅಧ್ಯಾಯಕ್ಕೆ ಬಂದರೆ ಸಾಕು, ಒಂದೇ ಮಾತನ್ನು ಜಪ ಮಾಡ್ತಾ ಕೂರತ್ತೆ" ಅಂದರು. ಬೆಳಕಿಗೆ ಹಿಡಿದು ನೋಡಿದೆ. ಕಮಾನಿನ ಹಾಗೆ ಬಾಗಿದ ಗೀರು. ಎರಡೂ ಮುಖದ ಮೇಲೆ ಬೆರಳಚ್ಚು. "ಯಾವ ಮುಖ ಮೇಲೆ ಬರಬೇಕು ಅಂತ ಸವರಿ ನೋಡದೆ ನನಗೆ ಹೇಗೆ ಗೊತ್ತಾಗಬೇಕು, ನೀವೇ ಹೇಳಿ" ಅಂದರು.

ನಾನೇನು ಹೇಳಲಿ? ಕೆಳಮುಖದಲ್ಲಿ ರಂಧ್ರದ ಹತ್ತಿರ ಒಂದು ಸಣ್ಣ ಏಣು ಇರುತ್ತದೆ. ಅದನ್ನು ಹುಡುಕುವಷ್ಟರಲ್ಲಿ ಬೆರಳು ಡಿಸ್ಕಿನ ಮೇಲೆಲ್ಲ ಓಡಾಡಿ ಮುಗಿಸಿರುತ್ತದೆ. ತಪ್ಪು ಮೇಷ್ಟ್ರದಲ್ಲ. ಡಿಸ್ಕನ್ನು ಬರಿಮೈಯಲ್ಲಿ ಜನರ ಕೈಗೆ ಕೊಟ್ಟವರದು.

ಹೊಳೆಯುವ ಮುಖವೇ ನಾಜೂಕು ಅಂತ ತುಂಬಾ ಜನ ತಿಳಿದಿದ್ದಾರೆ. ಸಿಡಿಯ ಮಟ್ಟಿಗೆ ಅದು ಉಲ್ಟಾ. ಸಿಡಿಯ ದಪ್ಪ 1.2 ಮಿಲಿಮೀಟರ್. ಲೇಸರ್ ಕಿರಣ ಕೆಳಗಿನಿಂದ ಅಷ್ಟೂ ಪ್ಲಾಸ್ಟಿಕ್ಕನ್ನು ದಾಟಿ, ಆಚೆ ತುದಿಯಲ್ಲಿರುವ ಲೋಹದ ತೆಳು ಪದರವನ್ನು ಓದುತ್ತದೆ. ಆ ಪದರದ ಮೇಲೆ, ಅಂದರೆ ಹೆಸರು ಅಚ್ಚಾಗಿರುವ ಕಡೆ, ಇರುವುದು ಒಂದು ಪೊರೆ ಮೆರುಗೆಣ್ಣೆಯಷ್ಟೇ. ಕೆಳಗಿನ ಗೀರನ್ನು ಉಜ್ಜಿ ನಯ ಮಾಡಬಹುದು. ಮೇಲಿನ ಗೀರು ಲೋಹವನ್ನೇ ಕಿತ್ತು ತಂದರೆ ಅಲ್ಲಿದ್ದ ಮಾತು ಹೋಯಿತು, ಯಾರೂ ವಾಪಸ್ ತರಲಾರರು. ಹೆಸರಿನ ಮುಖವನ್ನು ಕೆಳಗೆ ಮಾಡಿ ಮೇಜಿನ ಮೇಲೆ ಎಳೆಯುವವರನ್ನು ಕಂಡರೆ ನನ್ನ ಹೊಟ್ಟೆ ಚುರ್ ಅನ್ನುವುದು ಇದಕ್ಕೇ.

ಗೀರಿನ ದಿಕ್ಕೂ ಮುಖ್ಯ. ಸುರುಳಿ ಹಾದಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹಾಳಾದರೂ ಪ್ಲೇಯರ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ರೀಡ್-ಸಾಲಮನ್ ಎಂಬ ಗಣಿತದ ಕೈಚಳಕ ಅದು. (ಮೇಷ್ಟ್ರಿಗೆ ಹೇಳಿದಾಗ ಗೀರಿನ ಬೇಜಾರನ್ನೇ ಮರೆತು ಅರ್ಧ ಗಂಟೆ ನನಗೆ ಪಾಠ ಮಾಡಿದರು.) ನಡುವಿನಿಂದ ಅಂಚಿಗೆ ಹೋಗುವ ಗೀರು ಪ್ರತಿ ಸುತ್ತಿನಲ್ಲೂ ಚೂರು ಚೂರೇ ತಿನ್ನುತ್ತದೆ, ಡಿಸ್ಕ್ ತಡೆದುಕೊಳ್ಳುತ್ತದೆ. ಸುತ್ತಿನ ಜೊತೆಗೇ ಬಾಗುವ ಗೀರು ಒಂದೇ ಕಡೆ ಉದ್ದಕ್ಕೆ ತಿಂದುಬಿಡುತ್ತದೆ. ಒರೆಸುವಾಗ ನಡುವಿನಿಂದ ಹೊರಗೆ ಒರೆಸಿ ಅನ್ನುವುದು ಅದಕ್ಕೇ. ಯಾರು ಕೇಳುತ್ತಾರೆ? ಎಲ್ಲರೂ ತಟ್ಟೆ ಒರೆಸುವ ಹಾಗೆ ಗುಂಡಗೇ ಒರೆಸುತ್ತಾರೆ.

ಈಗ ಹಳೆಯ ಕಂಪ್ಯೂಟರುಗಳ 3.5 ಇಂಚಿನ ಫ್ಲಾಪಿ ಡಿಸ್ಕನ್ನು ನೆನಪು ಮಾಡಿಕೊಳ್ಳಿ. 1980ರ ದಶಕದ ಶುರುವಿನಲ್ಲಿ ಸೋನಿಯವರು ತಂದದ್ದು. ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಮುಂದೆ ಸ್ಪ್ರಿಂಗ್ ಇರುವ ಲೋಹದ ಶಟರ್, ಡ್ರೈವ್ ಒಳಗೆ ಹೋದಾಗ ಮಾತ್ರ ಸರಿಯುತ್ತಿತ್ತು, ಹೊರಗೆ ಬಂದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಎರಡೂ ಕಡೆ ಮೃದು ಬಟ್ಟೆಯ ಪದರ, ತಿರುಗುತ್ತ ತಿರುಗುತ್ತಲೇ ಧೂಳು ಒರೆಸುವುದಕ್ಕೆ. ಒಂದು ಮೂಲೆ ಓರೆಯಾಗಿ ಕತ್ತರಿಸಿದ್ದು. ತಿರುಗಾಮುರುಗಾ ಹಾಕಿದರೆ ಪೂರ್ತಿ ಒಳಗೆ ಹೋಗುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿ ಹಾಕಬಹುದಿತ್ತು, ಮಾತಿಗಲ್ಲ, ನಿಜವಾಗಿ. ಹಿಡಿಸುತ್ತಿದ್ದದ್ದು 1.44 ಎಂಬಿ ಮಾತ್ರ. ಅಷ್ಟು ಪುಟ್ಟ ಗಂಟಿಗೆ ಅಷ್ಟು ಭದ್ರ ಪೆಟ್ಟಿಗೆ. ಅದರ ನೂರಾರು ಪಟ್ಟು ಹಿಡಿಸುವ ಸಿಡಿಗೆ ಬಟ್ಟೆಯೇ ಇಲ್ಲ!

ಸಿಡಿಗೆ ಯಾರೂ ಕವಚ ಯೋಚಿಸಲಿಲ್ಲ ಅಂತಲ್ಲ. ಕಂಪ್ಯೂಟರಿನಲ್ಲಿ ಸಿಡಿ ಓದುವ ಮೊದಮೊದಲ ಸಿಡಿ-ರಾಮ್ ಡ್ರೈವುಗಳಲ್ಲಿ ಹಲವಕ್ಕೆ ಕ್ಯಾಡಿ ಇರುತ್ತಿತ್ತು. ಮುಚ್ಚಳ ತೆರೆದು ಡಿಸ್ಕ್ ಇಟ್ಟು, ಮುಚ್ಚಿ, ಇಡೀ ಡಬ್ಬಿಯನ್ನೇ ಡ್ರೈವಿಗೆ ತಳ್ಳುವುದು. ಚೆನ್ನಾಗೇ ಇತ್ತು. ಸೋತದ್ದು ಎಲ್ಲಿ ಅಂದರೆ, ಕ್ಯಾಡಿ ಡಿಸ್ಕಿನ ಜೊತೆ ಬರಲಿಲ್ಲ, ಡ್ರೈವಿನ ಜೊತೆ ಬಂತು. ಜನರ ಹತ್ತಿರ ಒಂದೋ ಎರಡೋ ಕ್ಯಾಡಿ, ಡಿಸ್ಕುಗಳು ಹತ್ತಾರು. ಪ್ರತಿ ಸಲ ಒಂದನ್ನು ತೆಗೆದು ಇನ್ನೊಂದನ್ನು ಹಾಕಬೇಕು. ಕೈ ತಾಗಬಾರದು ಅಂತ ಮಾಡಿದ ಡಬ್ಬಿಯಿಂದಲೇ ಕೈ ಇನ್ನೂ ಜಾಸ್ತಿ ತಾಗಿತು. ಜನ ಬೇಸತ್ತರು, ತಯಾರಕರು ಟ್ರೇ ಕೊಟ್ಟು ಕೈ ತೊಳೆದುಕೊಂಡರು.

ಎರಡನೆಯ ಪಾಠ, ಮತ್ತೆ ಮತ್ತೆ ಬರೆಯಬಹುದಾದ ಡಿವಿಡಿ-ರಾಮ್‌ನದು. 1998ರಲ್ಲಿ ಬಂದಾಗ ಡಿಸ್ಕ್ ಕಾರ್ಟ್ರಿಜ್ ಎಂಬ ಕವಚದ ಒಳಗೇ ಇತ್ತು. ಆ ಡ್ರೈವುಗಳ ಟ್ರೇ ನೋಡಿದವರಿಗೆ ನೆನಪಿರಬಹುದು: ಕಾರ್ಟ್ರಿಜ್ ಕೂರಲು ಚೌಕದ ತಗ್ಗು, ಅದರೊಳಗೇ ಬರಿ ಡಿಸ್ಕಿಗೆ ಗುಂಡನೆಯ ತಗ್ಗು. ಎರಡನ್ನೂ ಒಂದೇ ಟ್ರೇ ನುಂಗುತ್ತಿತ್ತು. ನಾನು ಕೇಳುತ್ತಿರುವುದು ಕನಸಿನ ಯಂತ್ರವಲ್ಲ ಅನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು. ಆದರೆ ಆ ಕಾರ್ಟ್ರಿಜ್ ಸಾಮಾನ್ಯ ಡಿವಿಡಿ ಪ್ಲೇಯರಿಗೆ ಹೋಗುತ್ತಿರಲಿಲ್ಲ. ಹಾಗಾಗಿ ಡಿಸ್ಕನ್ನು ಹೊರತೆಗೆಯಲು ಬರುವ ಕಾರ್ಟ್ರಿಜ್ ಮಾಡಿದರು, ಆಮೇಲೆ ಕಾರ್ಟ್ರಿಜ್ ಇಲ್ಲದೆಯೇ ಮಾರಿದರು.

ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕಿನ ಕಥೆ ಇನ್ನೂ ಮಜಾ. ಅದರಲ್ಲಿ ಡೇಟಾ ಪದರದ ಮೇಲಿನ ಹೊದಿಕೆ ಬರೀ 0.1 ಮಿಲಿಮೀಟರ್. ಸಿಡಿಯಲ್ಲಿ ಕಿರಣ ಮೇಲ್ಮೈಯನ್ನು ತಾಗುವಾಗ ಸುಮಾರು 0.7 ಮಿಲಿಮೀಟರ್ ಅಗಲ ಇರುತ್ತದೆ, ಸಣ್ಣ ಧೂಳಿನ ಕಣ ಅದಕ್ಕೆ ಲೆಕ್ಕಕ್ಕಿಲ್ಲ. ಬ್ಲೂ-ರೇಯಲ್ಲಿ ಆ ಅಗಲ 0.14 ಮಿಲಿಮೀಟರಿನಷ್ಟು. ಅದೇ ಕಣ ಇಲ್ಲಿ ಬಂಡೆ. ಗಂಟು ದೊಡ್ಡದಾದಷ್ಟೂ ಚರ್ಮ ತೆಳುವಾಗುತ್ತ ಬಂತು. 2003ರಲ್ಲಿ ಜಪಾನಿನಲ್ಲಿ ಬಂದ ಮೊದಲ ಬ್ಲೂ-ರೇ ಡಿಸ್ಕುಗಳು ಕಾರ್ಟ್ರಿಜ್ ಒಳಗಿದ್ದವು. ಆಮೇಲೆ ಟಿಡಿಕೆ ಕಂಪನಿಯವರು ಗೀರಿಗೆ ಜಗ್ಗದ ಗಟ್ಟಿ ಲೇಪ ಕಂಡುಹಿಡಿದರು, ಕಾರ್ಟ್ರಿಜ್ ಮಾಯವಾಯಿತು. ಲೇಪ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಯಾವ ಮುಖ ಮೇಲೆ ಅಂತ ಲೇಪ ಮೇಷ್ಟ್ರಿಗೆ ಹೇಳುತ್ತದಾ?

ಇನ್ನೊಂದು ಸಂಗತಿ ನನಗೆ ಸ್ವಲ್ಪ ಸಿಟ್ಟು ತರಿಸುತ್ತದೆ. ಟಿವಿ ವಾಹಿನಿಗಳವರ ಚಿತ್ರೀಕರಣಕ್ಕೆ ಸೋನಿ 2003ರಲ್ಲಿ ತಂದ ಎಕ್ಸ್‌ಡಿಕ್ಯಾಮ್ ಡಿಸ್ಕ್ ಕಾರ್ಟ್ರಿಜ್ ಒಳಗಿತ್ತು. ದೊಡ್ಡ ಸಂಸ್ಥೆಗಳ ದಾಖಲೆ ಕಾಪಿಡಲು ಅದೇ ಕಂಪನಿ ಆಮೇಲೆ ಮಾಡಿದ್ದರಲ್ಲಿ ಒಂದೇ ಕಾರ್ಟ್ರಿಜ್ ಒಳಗೆ 12 ಡಿಸ್ಕುಗಳು ಭದ್ರವಾಗಿ ಕೂತಿರುತ್ತಿದ್ದವು. ನುರಿತವರು ಮುಟ್ಟುವ ಡಿಸ್ಕಿಗೆ ಕವಚ. ಮಕ್ಕಳು, ವಯಸ್ಸಾದವರು, ಕಣ್ಣು ಕಾಣದವರು ಮುಟ್ಟುವ ಡಿಸ್ಕಿಗೆ ಏನೂ ಇಲ್ಲ. ಇದು ತಿರುಗುಮುರುಗು ಅಲ್ವಾ?

ಸುಮ್ನೆ ದೂರುತ್ತ ಕೂರಲಿಲ್ಲ ಸ್ವಾಮಿ. ನಮ್ಮ ಉಗ್ರಾಣದಲ್ಲಿ ಒಂದು ಹಳೆಯ ಕ್ಯಾಡಿ ಡ್ರೈವ್, ಅದಕ್ಕೆ ಹೊಂದುವ ಹಳೇ ಕಂಪ್ಯೂಟರ್, 11 ಕ್ಯಾಡಿಗಳು ಸಿಕ್ಕವು. ಅತಿ ಹೆಚ್ಚು ಕೈ ಬದಲಾಯಿಸುವ 11 ಪುಸ್ತಕಗಳನ್ನು ಆರಿಸಿ, ಒಂದೊಂದಕ್ಕೆ ಒಂದೊಂದು ಕ್ಯಾಡಿ ಹಾಕಿ, ಮುಚ್ಚಳ ತೆರೆಯದ ಹಾಗೆ ಅಂಚಿಗೆ ಟೇಪ್ ಸುತ್ತಿದೆ. ಮುಚ್ಚಳದ ಮೇಲೆ ಬ್ರೈಲ್ ಚೀಟಿ ಅಂಟಿಸಿದೆ. ಡಿಸ್ಕಿನ ಮೇಲೆ ಹಾಗೆ ಅಂಟಿಸುವಂತಿಲ್ಲ. ಒಂದು ಕಡೆ ಭಾರವಾದರೆ ತಿರುಗುವಾಗ ಅದುರುತ್ತದೆ. ಕ್ಯಾಡಿ ತಿರುಗುವುದಿಲ್ಲವಲ್ಲ, ಏನು ಬೇಕಾದರೂ ಅಂಟಿಸಿ. ಎರಡು ಸಿಡಿಗಳನ್ನು ಆ ಮುದಿ ಡ್ರೈವ್ ಓದಲೊಲ್ಲೆ ಅಂತು, ಬೇರೆ ಎರಡನ್ನು ಆರಿಸಿದೆ. ಗ್ರಂಥಾಲಯದಲ್ಲೇ ಕೂತು ಕೇಳುವವರಿಗೆ ಇವನ್ನು ಕೊಡುತ್ತಿದ್ದೇನೆ. ಒಂದೂವರೆ ವರ್ಷ ಆಯಿತು. ಹನ್ನೊಂದರಲ್ಲಿ ಒಂದೂ ಪಕ್ಕದ ರಾಶಿಗೆ ಸೇರಿಲ್ಲ.

ಹೊಸದಾಗಿ ಮಾಡುವವರಿಗೆ ನನ್ನ ಕೋರಿಕೆ ಹೀಗಿದೆ. ಕವಚ ಈಗಿರುವ 120 ಮಿಲಿಮೀಟರ್ ಡಿಸ್ಕಿಗೇ ಆಗಬೇಕು. ಹೊಸ ಅಳತೆಯ ಡಿಸ್ಕ್ ಮಾಡಿದರೆ ನಮ್ಮ ಕಪಾಟಿನಲ್ಲಿರುವ ಪುಸ್ತಕಗಳ ಗತಿಯೇನು? ಮಿನಿಡಿಸ್ಕ್ ಎಷ್ಟು ಮುದ್ದಾಗಿತ್ತು, 64 ಮಿಲಿಮೀಟರಿನ ಡಿಸ್ಕ್, 5 ಮಿಲಿಮೀಟರ್ ದಪ್ಪದ ಕವಚ. ಆದರೆ ಹಳೆಯ ಸಿಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದರ ಡಿಸ್ಕಿನ ನಡುವೆ ಲೋಹದ ಬಿಲ್ಲೆ ಇತ್ತು, ಕೆಳಗಿನಿಂದ ಅಯಸ್ಕಾಂತ ಹಿಡಿದುಕೊಳ್ಳುತ್ತಿತ್ತು. ಸಿಡಿಗೆ ಅದಿಲ್ಲ, ಮೇಲಿನಿಂದ ಒತ್ತಿ ಹಿಡಿಯಬೇಕು. ಆ ಒತ್ತುವ ಬಿಲ್ಲೆಯನ್ನು ಕವಚದ ಮುಚ್ಚಳದಲ್ಲೇ ಸಡಿಲವಾಗಿ ಕೂರಿಸಿದರೆ ಮೇಲುಗಡೆ ಕಿಂಡಿಯೇ ಬೇಡ, ಕೆಳಗೊಂದು ಶಟರ್ ಸಾಕು. ಮೂಲೆ ಫ್ಲಾಪಿಯ ಹಾಗೆ ಓರೆ ಇರಲಿ. ಮೇಲ್ಮುಖ ತರಿತರಿ, ಕೆಳಮುಖ ನುಣುಪು ಇರಲಿ, ಕೈಗೆ ತಿಳಿಯುತ್ತದೆ. ಮುಚ್ಚಳವನ್ನು ನನ್ನಂಥವರು ತೆರೆದು ಡಿಸ್ಕ್ ಬದಲಾಯಿಸುವಂತಿರಬೇಕು, ಓದುಗರ ಕೈಯಲ್ಲಿ ಅದಾಗಿಯೇ ತೆರೆಯಬಾರದು.

ಪ್ಲೇಯರ್ ಬರಿ ಡಿಸ್ಕನ್ನೂ ತೆಗೆದುಕೊಳ್ಳಬೇಕು, ಕವಚವನ್ನೂ ತೆಗೆದುಕೊಳ್ಳಬೇಕು. ಇದರಲ್ಲಿ ರಾಜಿ ಬೇಡ. ಕವಚ ಮಾತ್ರ ತೆಗೆದುಕೊಳ್ಳುವ ಪ್ಲೇಯರನ್ನು ಯಾರೂ ಕೊಳ್ಳುವುದಿಲ್ಲ, ಬರಿ ಡಿಸ್ಕ್ ಮಾತ್ರ ತೆಗೆದುಕೊಳ್ಳುವ ಪ್ಲೇಯರ್ ಇರುವವರೆಗೆ ಕವಚವನ್ನು ಯಾರೂ ಕೊಳ್ಳುವುದಿಲ್ಲ. ಕವಚ ಒಳಗೇ ಉಳಿಯಬೇಕು ಅಂತಲೂ ಇಲ್ಲ. 1981ರಲ್ಲಿ ಆರ್‌ಸಿಎ ಕಂಪನಿ ಸಿಇಡಿ ಎಂಬ ವಿಡಿಯೊ ಡಿಸ್ಕ್ ತಂದಿತ್ತು. ಮುಳ್ಳು ತಾಗಿ ಓದುವ ಡಿಸ್ಕ್ ಅದು, ಬೆರಳು ತಾಗಿದರೆ ಕೆಟ್ಟಿತು. ಕವಚವನ್ನು ಪ್ಲೇಯರಿನ ಬಾಯಿಗೆ ತಳ್ಳಿ ಹೊರಗೆಳೆದರೆ ಡಿಸ್ಕ್ ಒಳಗೇ ಉಳಿದು ಖಾಲಿ ಕವಚ ಕೈಗೆ ಬರುತ್ತಿತ್ತು. ಮುಗಿದ ಮೇಲೆ ಖಾಲಿ ಕವಚ ತಳ್ಳಿದರೆ ಡಿಸ್ಕ್ ಸಮೇತ ವಾಪಸ್. ವ್ಯಾಪಾರದಲ್ಲಿ ಅದು ಮುಳುಗಿತು, ಆದರೆ ಆ ಉಪಾಯ ಮುಳುಗಬೇಕಾಗಿರಲಿಲ್ಲ.

ಕವಚ ಜಾಗ ತಿನ್ನುತ್ತದೆ ಅಂತ ಒಬ್ಬ ಎಂಜಿನಿಯರ್ ಹುಡುಗ ನನ್ನ ಹತ್ತಿರ ವಾದ ಮಾಡಿದ. ಸಿಡಿ ಬರುವ ಗಟ್ಟಿ ಡಬ್ಬಿಯನ್ನೇ ಅವನ ಕೈಗೆ ಕೊಟ್ಟೆ. ಅದರ ದಪ್ಪ ಸುಮಾರು 10 ಮಿಲಿಮೀಟರ್. ಕಪಾಟಿನಲ್ಲಿ ಆ ಜಾಗವನ್ನು ಈಗಾಗಲೇ ಕೊಟ್ಟಾಗಿದೆಯಪ್ಪಾ, ಆ ಡಬ್ಬಿಯನ್ನೇ ತೆಳುವಾಗಿ ಮಾಡಿ ಪ್ಲೇಯರಿಗೆ ಹೋಗುವ ಹಾಗೆ ಮಾಡು ಅಂದೆ. ವೇಗವಾಗಿ ತಿರುಗಿದರೆ ಒಳಗೆ ಗಾಳಿ ಸುತ್ತುತ್ತದೆ, ಅದುರುತ್ತದೆ ಅಂದ. ಅದು ಸರಿಯಾದ ಮಾತು, ಕಂಪ್ಯೂಟರಿನ 52 ಪಟ್ಟು ವೇಗದ ಡ್ರೈವಿಗೆ. ಹಾಡಿನ ಸಿಡಿ ತಿರುಗುವುದು ನಿಮಿಷಕ್ಕೆ 200ರಿಂದ 500 ಸುತ್ತು. ಓದುವ ದನಿ ಕೇಳಿಸುವುದಕ್ಕೆ ಅದಕ್ಕಿಂತ ಏನು ಅವಸರ?

ಮೇಷ್ಟ್ರು ಈಗ ಮಂಗಳವಾರ, ಶುಕ್ರವಾರ ಬರುತ್ತಾರೆ. ಬ್ರೈಲ್ ಚೀಟಿ ಸವರಿ, ಬೇಕಾದ ಕ್ಯಾಡಿ ತಾವೇ ಎತ್ತಿಕೊಂಡು, ತಾವೇ ತಳ್ಳುತ್ತಾರೆ. ಓದಿದವರ ಉಚ್ಚಾರ ಸರಿಯಿಲ್ಲ ಅಂತ ಗೊಣಗುತ್ತಾರೆ, ಅದು ನನ್ನ ಇಲಾಖೆಯಲ್ಲ. ನನಗಿರುವ ಚಿಂತೆ ಡ್ರೈವಿನದು. ಹೋದ ವಾರದಿಂದ ಕ್ಯಾಡಿ ಹೊರಗೆ ಹಾಕುವಾಗ ಕೀರಲು ದನಿ ಮಾಡುತ್ತಿದೆ, ಎರಡು ಸಲ ಅರ್ಧದಲ್ಲೇ ನಿಂತಿತು. ಅದಕ್ಕೆ ಬಿಡಿಭಾಗ ಎಲ್ಲೂ ಸಿಗುತ್ತಿಲ್ಲ. ಅದು ಪೂರ್ತಿ ನಿಂತ ದಿನ ನಾನು ಹನ್ನೊಂದು ಟೇಪುಗಳನ್ನು ಬಿಚ್ಚಿ, ಮೇಷ್ಟ್ರ ಕೈಗೆ ಮತ್ತೆ ಬರಿಮೈ ಡಿಸ್ಕ್ ಕೊಡಬೇಕು.

ಇಂತಿ,
ಕೇಳುಪುಸ್ತಕ ವಿಭಾಗದ ಒಬ್ಬ ಗ್ರಂಥಾಲಯ ಸಹಾಯಕಿ